ಅಪ್ಪ ಬಿಟ್ಟುಕೊಟ್ಟ ಶಬ್ದ

ಸಂಗವ್ವಕ್ಕ, ನಿನ್ನ ಮೊಣಕಾಲು ನೋವು ಇಳಿಯಿತೇ? ತಮ್ಮ ಬಾಳಪ್ಪ, ಮೂಡಲಗಿಯ ಧೂಳಿಗೆ ಕೆಮ್ಮು ಹೆಚ್ಚಾಗಿಲ್ಲ ತಾನೇ? ನಾನು ಹುಕ್ಕೇರಿಯಲ್ಲಿ ಗಟ್ಟಿಯಾಗಿದ್ದೇನೆ. ಆದರೆ ಬೆಳಿಗ್ಗೆಯಿಂದ ಸಿಟ್ಟು ಇಳಿದಿಲ್ಲ.

ದಿಂಬು ತುಂಬಲು ಹತ್ತಿ ಹಿಂಜುತ್ತಿದ್ದೆ. ಆ ವಾಸನೆಗೆ, ಗೋಕಾಕ ಫಾಲ್ಸ್ ಮಿಲ್ಲಿನಿಂದ ಮೀಸೆಗೆ ಅರಳೆ ಅಂಟಿಸಿಕೊಂಡು ಬರುತ್ತಿದ್ದ ಅಪ್ಪ ಎದುರು ನಿಂತಂತಾಯಿತು. ಯಂತ್ರದಿಂದ ನೂಲು ಸುತ್ತಿ ತುಂಬಿದ ಉರುಳೆ, ಅಂದರೆ ಬಾಬಿನ್, ತೆಗೆದು ಖಾಲಿಯದನ್ನು ಹಾಕುವುದು ಅವನ ಕೆಲಸ. "ನಾ ಡಾಫರ್ ಅದೀನಿ" ಎಂದು ಎದೆಯುಬ್ಬಿಸಿ ಹೇಳುತ್ತಿದ್ದ.

ಶಾಲೆಯಲ್ಲಿ ಮಾಸ್ತರು ಅಪ್ಪನ ಉದ್ಯೋಗ ಕೇಳಿದಾಗ ನಾನೂ ಹಾಗೇ ಹೇಳಿದೆ. "ಇಂಗ್ಲಿಷಿನ್ಯಾಗ ಅಂಥಾ ಶಬ್ದಾನ ಇಲ್ಲ. ನಿಮ್ಮಪ್ಪ ಹೊಸದಾಗಿ ಹುಟ್ಟಿಸ್ಯಾನೇನಬೇ?" ಎಂದು ಇಡೀ ವರ್ಗವನ್ನು ನಗಿಸಿ, ‘ಕೂಲಿ’ ಎಂದು ಬರೆದುಕೊಂಡರು.

"ನೀ ಬಂದು ಕೇಳಪಾ" ಎಂದು ಮನೆಯಲ್ಲಿ ಅಳುತ್ತ ಹೇಳಿದೆ. ಅಪ್ಪ ತಲೆ ತಗ್ಗಿಸಿ, "ಮಾಸ್ತರು ಓದಿದವರವಾ. ನಮ್ದ ತಪ್ಪಿರಬೇಕು" ಎಂದ. ಅಂದಿನಿಂದ ಯಾರು ಕೇಳಿದರೂ "ಬಾಬಿನ್ ತಗೀತೀನ್ರಿ" ಎನ್ನುತ್ತಿದ್ದ, ಅಷ್ಟೇ.

ಇವತ್ತು ಮೊಮ್ಮಗಳ ಮೊಬೈಲಿನಲ್ಲಿ ಹುಡುಕಿಸಿದೆ. ‘ಡೂ’, ‘ಆಫ್’ ಎರಡೂ ಕೂಡಿ ‘ಡಾಫ್’ ಆಯಿತಂತೆ. ಮೈಮೇಲಿನ ಬಟ್ಟೆ ತೆಗೆಯುವುದಕ್ಕೂ, ಗೌರವದಿಂದ ಟೊಪ್ಪಿಗೆ ತೆಗೆಯುವುದಕ್ಕೂ, ಮಿಲ್ಲಿನಲ್ಲಿ ಬಾಬಿನ್ ತೆಗೆಯುವುದಕ್ಕೂ ಅದೇ ಶಬ್ದ. ನೂರಾರು ವರ್ಷದ್ದು! ಆ ಮಾಸ್ತರು ಒಮ್ಮೆ ಪುಸ್ತಕ ತೆರೆದು ನೋಡಬಾರದಿತ್ತೇ? ತನಗೆ ಗೊತ್ತಿಲ್ಲದ್ದು ಲೋಕದಲ್ಲೇ ಇಲ್ಲ ಎನ್ನುವ ಸೊಕ್ಕು!

ನಿಮ್ಮ ಮುಂದಾದರೂ ಅಪ್ಪ ಮತ್ತೊಮ್ಮೆ ‘ನಾ ಡಾಫರ್’ ಅಂದಿದ್ದನೇ? ನೆನಪಿದ್ದರೆ ಇವತ್ತೇ ಬರೆಯಿರಿ.