ಆರನೆಯ ಅಳತೆ

ಅಕ್ಕೋರ ಎಡಗಾಲು ಬಲಗಾಲಿಗಿಂತ ಎರಡು ಬೆರಳು ಗಿಡ್ಡ. ಎಡಗಾಲಿನ ಚಪ್ಪಲಿಗೆ ಹಳೆಯ ಟೈರಿನ ದಪ್ಪ ತುಂಡೊಂದನ್ನು ಹೊಲಿಸಿಕೊಂಡಿದ್ದರು. ಕಾಲೇಜಿನ ಮೆಟ್ಟಿಲ ಮೇಲೆ ಒಂದು ಹೆಜ್ಜೆ ಟಪ್, ಇನ್ನೊಂದು ಧಪ್ ಎಂದು ಕೇಳಿಸಿತೆಂದರೆ ನಮ್ಮ ತರಗತಿ ತಾನಾಗಿ ಸುಮ್ಮನಾಗುತ್ತಿತ್ತು.

ಭೂಗೋಳ ಕಲಿಸುತ್ತಿದ್ದ ಅವರು ಉಳಿದವರಿಗೆಲ್ಲ ಮೇಡಂ. ರಾಯಚೂರಿನ ಕಡೆಯವರೆಂದು ಗೊತ್ತಾದ ದಿನದಿಂದ ಬೀದರ್ ಮೂಲದ ನನಗೆ ಮಾತ್ರ ಅಕ್ಕೋರು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರನ್ನು ಕರೆಯುವುದೇ ಹಾಗೆ. ತೆಲುಗು ನಾಡಿನ ಕಾಲೇಜಾದ್ದರಿಂದ ಪಾಠ ತೆಲುಗು, ಇಂಗ್ಲಿಷಿನಲ್ಲಿ. ಕನ್ನಡ ನನ್ನನ್ನು ಬೈಯುವುದಕ್ಕೆ. ಮಳೆ ನಿಂತೊಡನೆ ನಮ್ಮನ್ನು ಕಾಲೇಜಿನ ಮುಂದಿನ ಉಪ್ಪಲ್ ರಸ್ತೆಗೆ ಎಳೆದುಕೊಂಡು ಹೋಗಿ, ನೀರು ಮಣ್ಣನ್ನು ಹೊತ್ತು ತಂದು ಎಲ್ಲಿ ಇಳಿಸಿದೆ ಎಂದು ಕೊಡೆಯ ತುದಿಯಿಂದ ತೋರಿಸುತ್ತಿದ್ದರು. ಹಿಂದೆ ಆಟೋದವರು ಹಾರ್ನ್ ಹೊಡೆದೇ ಹೊಡೆಯುತ್ತಿದ್ದರು. "ಒಂದ್ ನಿಮಿಷ ತಡೀರಿ, ಪಾಠ ನಡದೈತಿ!" ಎಂದು ಅವರಿಗೂ ಕನ್ನಡದಲ್ಲೇ ಗದರಿಕೆ.

ಕಡೆಯ ವರ್ಷ ನಮ್ಮನ್ನು ರೈಲು ಹತ್ತಿಸಿ ಆಂಧ್ರದ ಕರಾವಳಿಯ ಒಂದು ಮೀನುಗಾರರ ಊರಿಗೆ ಕರೆದುಕೊಂಡು ಹೋದರು. ನಮ್ಮಲ್ಲಿ ಅರ್ಧ ಮಂದಿ ಸಮುದ್ರ ನೋಡಿದ್ದೇ ಅಂದು. ಊರನ್ನು ಕಾಯಲು ದಡದುದ್ದಕ್ಕೂ ಕಲ್ಲಿನ ಗೋಡೆ ಕಟ್ಟಿದ್ದರು. ಊರೇನೋ ಉಳಿದಿತ್ತು. ಆದರೆ ಗೋಡೆ ಮುಗಿಯುವಲ್ಲಿ, ಪಕ್ಕದ ಕೇರಿಯ ಮರಳನ್ನು ಅಲೆಗಳು ಕಿತ್ತು ಒಯ್ಯುತ್ತಿದ್ದವು. ಆರು ಕಡೆ ದಡದ ಅಗಲವನ್ನು ಹೆಜ್ಜೆ ಲೆಕ್ಕದಲ್ಲಿ ಅಳೆಯುವುದು ನಮ್ಮ ಕೆಲಸ. ಕೇರಿಯ ಹೆಂಗಸರು ಆ ಲೆಕ್ಕವನ್ನು ಬರೆದುಕೊಡಿ ಎಂದಿದ್ದರು. ಅಧಿಕಾರಿಗಳ ಮುಂದಿಟ್ಟು, ಮಳೆಗಾಲಕ್ಕೆ ಮೊದಲು ಕಡಲಿನಿಂದ ದೂರ, ಒಳಗೆ ಮನೆಗೆ ಜಾಗ ಕೇಳಬೇಕಿತ್ತು ಅವರಿಗೆ.

ಬರೆಯುವವಳು ನಾನು; ಕೊನೆಯ ಜಾಗ ಅಳೆಯುವ ಪಾಳಿಯೂ ನನ್ನೊಬ್ಬಳದೇ. ಐದು ಕಡೆ ಅಳೆಯುವ ಹೊತ್ತಿಗೆ ಬಿಸಿಲಿಗೆ ತಲೆ ಸುತ್ತಿ, ಕಾಲು ಸೋತಿದ್ದವು. ಕೇರಿಯ ತುದಿಯ ಆರನೆಯ ಜಾಗಕ್ಕೆ ಹೋಗದೆಯೇ, ಐದನೆಯದಕ್ಕಿಂತ ತುಸು ಕಡಿಮೆಯಿರಲೆಂದು ಇಪ್ಪತ್ತು ಹೆಜ್ಜೆ ಎಂದು ಬರೆದುಬಿಟ್ಟೆ.

ಸಂಜೆ ಅಲ್ಲಿನ ಶಾಲೆಯ ಜಗಲಿಯಲ್ಲಿ ಕೇರಿಯವರೆಲ್ಲ ಸೇರಿದರು. ಅಕ್ಕೋರು ಒಂದೊಂದೇ ಅಳತೆಯನ್ನು ತೆಲುಗಿನಲ್ಲಿ ಓದಿದರು. ಆರನೆಯದನ್ನು ಓದಿದಾಗ ಮೀನು ಒಣಗಿಸುವ ಮುದುಕಿಯೊಬ್ಬಳು ಎದ್ದಳು. "ಇಪ್ಪತ್ತು ಹೆಜ್ಜೆ ಎಲ್ಲಿದೆ ತಾಯಿ? ನನ್ನ ಒಲೆಗೂ ನೀರಿಗೂ ನಾಲ್ಕು ಹೆಜ್ಜೆ. ಇದನ್ನು ಕೊಟ್ಟರೆ ನಮಗೆ ಯಾರು ಜಾಗ ಕೊಡುತ್ತಾರೆ?"

ಅಕ್ಕೋರು ಹಾಳೆ ನೋಡಿದರು. ನನ್ನ ಅಕ್ಷರ. ನನ್ನನ್ನೂ ಒಮ್ಮೆ ನೋಡಿದರು. ಆಮೇಲೆ ಮುದುಕಿಗೆ ಕೈಮುಗಿದು, "ತಪ್ಪು ನನ್ನದು ಅಮ್ಮಾ. ನಾಳೆ ಬೆಳಿಗ್ಗೆ ಬಂದು ಅಳೆಯುತ್ತೇನೆ" ಎಂದರು. ನಾನು ತಲೆ ತಗ್ಗಿಸಿ ಕೂತೆ.

ಮರುದಿನ ಬೆಳಿಗ್ಗೆ ನನ್ನೊಬ್ಬಳನ್ನೇ ಕರೆದೊಯ್ದರು. ಮೆತ್ತನೆಯ ಮರಳಿನಲ್ಲಿ ಆ ದಪ್ಪ ಚಪ್ಪಲಿ ಹೂತುಹೋಗುತ್ತಿತ್ತು. ಕೊನೆಗೆ ಅದನ್ನು ಬಿಚ್ಚಿ ಕೈಯಲ್ಲಿ ಹಿಡಿದು, ಒಂದು ಕಡೆಗೆ ವಾಲುತ್ತ ನಡೆದರು. ಮುದುಕಿಯ ಒಲೆಯ ಹತ್ತಿರ, ಈ ಸಲ ಅಳತೆಗೆಂದು ತಂದಿದ್ದ ಟೇಪಿನ ತುದಿ ನನಗೆ ಕೊಟ್ಟು ಕೇಳಿದರು:

"ಯಾಕವಾ ಹಂಗ ಬರದಿ?"

"ಕಾಲು ಭಾಳ ನೋಯಾಕತ್ತಿದ್ವು ಅಕ್ಕೋರ."

ಯಾರ ಮುಂದೆ ಈ ಮಾತು ಆಡಿದೆ ಎಂಬುದು ಆಡಿದ ಮೇಲೆ ಹೊಳೆಯಿತು. ಅವರು ಬೈಯಲಿಲ್ಲ.

"ಮತ್ತ ಹಂಗಽ ಬರೀಬೇಕಿತ್ತಲ್ಲ. 'ಕಾಲು ನೋಯಾಕತ್ತಿದ್ವು, ಅಳೀಲಿಲ್ಲ' ಅಂತ. ಅದೂ ಖರೇನ ಅಲ್ಲೇನು? ಹೂಂ, ಟೇಪ್ ಬಿಗಿ ಹಿಡಿ."

ಮುದುಕಿ ಹೇಳಿದ್ದು ಸರಿಯಾಗಿತ್ತು. ಹೊಸ ಹಾಳೆಯನ್ನು ಅಕ್ಕೋರೇ ಕೂತು ಬರೆದು ಅವಳ ಕೈಗಿಟ್ಟರು. ಮಳೆಗಾಲಕ್ಕೆ ಮೊದಲೇ ಕೇರಿಯವರಿಗೆ ಒಳಗೆ ಜಾಗ ಸಿಕ್ಕಿತೆಂದು ಅಕ್ಕೋರಿಗೆ ಫೋನು ಬಂತು. ತರಗತಿಯಲ್ಲಿ ಅದನ್ನು ಹೇಳಿದಾಗಲೂ ಅವರು ನನ್ನ ಕಡೆ ತಿರುಗಲಿಲ್ಲ.

ಹೋದ ವರ್ಷ ಅಕ್ಕೋರು ತೀರಿಕೊಂಡರು. ಕಾಲೇಜಿನಲ್ಲಿ ನಡೆದ ಸಂತಾಪಸಭೆಯಲ್ಲಿ ಹಳೆಯ ಗೆಳೆಯನೊಬ್ಬ, "ಒಮ್ಮೆ ಮೇಡಂ ಕೂಡ ತಪ್ಪಾಗಿ ಅಳೆದಿದ್ದರು. ಆದರೆ ಊರವರ ಮುಂದೆ ಒಪ್ಪಿಕೊಂಡರು" ಎಂದು ಮೆಚ್ಚುಗೆಯಿಂದಲೇ ಹೇಳಿದ. ಇಷ್ಟು ವರ್ಷ ನುಂಗಿಕೊಂಡಿದ್ದೆ, ಇನ್ನು ಆಗಲಿಲ್ಲ. ಎದ್ದು ನಿಂತು, "ಅದು ಅವರ ತಪ್ಪಲ್ಲ. ಅಳೆಯದೆ ಬರೆದವಳು ನಾನು" ಎಂದೆ.

ಸಭೆ ಮುಗಿದ ಮೇಲೆ ಅಕ್ಕೋರ ಅಕ್ಕ ನನ್ನನ್ನು ಹುಡುಕಿಕೊಂಡು ಬಂದು ಕೈ ಹಿಡಿದರು.

"ಕಾಲು ನೋಯಾಕತ್ತಿದ್ವು ಅಂದಾಕಿ ನೀನಽ ಏನವಾ? ಅದನ್ನ ಹೇಳಿ ಹೇಳಿ ನಗತಿದ್ಲು ನಮ್ಮಾಕಿ. ಯಾರು ಆ ಹುಡುಗಿ ಅಂತ ಎಷ್ಟ್ ಸಲ ಕೇಳಿದೆ. ಹೆಸರು ಮಾತ್ರ ಹೇಳಲೇ ಇಲ್ಲ."