ಪಾರಿವಾಳದ ಬಾಣಂತನ

ನಾಸಿಕ್ ರೋಡ್ ಎಂಬ ಊರಿನಲ್ಲಿ ನಮ್ಮ ಮಾಳಿಗೆಯ ಎದುರಿಗೇ ಇನ್ನೊಂದು ಮಾಳಿಗೆ. ಅಲ್ಲಿ ಬೀದರದ ಕಿರಾಣಿ ವ್ಯಾಪಾರಿಯ ಹೆಂಡತಿ ಪಾರಿವಾಳ ಸಾಕಿದ್ದಳು. ನಾನೂ ಸಾಕಿದ್ದೆ, ಒಂದೇ ಒಂದು ಜೋಡಿ. ಬ್ಯಾಂಕಿನಿಂದ ಬಂದ ನನ್ನ ಗಂಡ ಮಾಳಿಗೆಯಲ್ಲಿ ಕೂತು ಚಹಾ ಕುಡಿಯುತ್ತ ನೋಡುತ್ತಿದ್ದುದು ಮಾತ್ರ ಆಕೆಯವನ್ನು.

"ಅವರವು ಹೆಂಗ ಮಿಂಚ್ತಾವ ನೋಡು!" ಎನ್ನುತ್ತಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು.

ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ನನ್ನ ಜೋಡಿ ಎರಡು ಮರಿ ಮಾಡಿತು. ಈಗ ನೋಡಲಿ ಎಂದುಕೊಂಡು ಸೆರಗು ಕಟ್ಟಿ ಬಾಣಂತನಕ್ಕೆ ನಿಂತೆ. ಗುಲಬರ್ಗಾದ ನಮ್ಮ ಮನೆಯಲ್ಲಿ ಬಾಣಂತಿಗೆ ಕಡಲೆ, ಬಟಾಣಿ ಮುಟ್ಟಿಸುತ್ತಿರಲಿಲ್ಲ. ವಾಯು ಆಗುತ್ತದೆ, ಹಾಲು ಕುಡಿದ ಕೂಸಿಗೆ ಹೊಟ್ಟೆನೋವು. ಪಾರಿವಾಳವೂ ಗಂಟಲಿನಿಂದ ಹಾಲಿನಂಥದ್ದನ್ನು ತೆಗೆದು ಮರಿಗೆ ಉಣಿಸುತ್ತದಲ್ಲ! ಹಾಗಾಗಿ ಕಾಳು ನಿಲ್ಲಿಸಿ ತವರಿನಿಂದ ತಂದಿದ್ದ ಬಿಳಿ ಜೋಳವನ್ನಷ್ಟೇ ಹಾಕಿದೆ.

ಮರಿಗಳು ಬೆಳೆಯಲಿಲ್ಲ. ಎದೆಮೂಳೆ ಚೂಪಾಗಿ ಕೈಗೆ ಹತ್ತುತ್ತಿತ್ತು. ದೊಡ್ಡವೆರಡೂ ಎದುರು ಮಾಳಿಗೆಗೆ ಹಾರಿ, ಆಕೆ ಎರಚಿದ ಬಟಾಣಿ ನುಂಗಿ ಬರತೊಡಗಿದವು. ಇರುವುದು ನನ್ನ ಗೂಡಿನಲ್ಲಿ, ಊಟ ಆಕೆಯ ಮನೆಯಲ್ಲಿ! ಸಿಟ್ಟು ಬಂದು ಗೂಡಿನ ಬಾಗಿಲು ಹಾಕಿಬಿಟ್ಟೆ. ಸಣ್ಣ ಮರಿ ತಲೆ ಎತ್ತುವುದನ್ನೂ ಬಿಟ್ಟಿತು.

"ಅಕ್ಕಾರ, ಬಾಗಲಾ ಯಾಕ ಹಾಕೀರಿ?" ಆಕೆ ಎದುರಿನಿಂದ ಕೂಗಿದಳು.

"ಬಾಣಂತಿ ಅದರೀ. ನಿಮ್ಮ ವಟಾಣಿ ತಿಂದ್ರ ವಾಯು ಆಗ್ತದ."

ಆಕೆ ನಕ್ಕಳು. "ಹಕ್ಕಿಗಿ ಎಲ್ಲೀ ಪಥ್ಯಾರೀ! ಬರೀ ಜೋಳದಾಗ ಮರಿ ಮೈ ಹಿಡಿಯಂಗಿಲ್ಲ. ಪ್ರೋಟೀನ್ ಬೇಕ್ರಿ, ಕಾಳು ಹಾಕ್ರಿ."

ನನ್ನ ಗಂಡನೂ ನಕ್ಕರು. ಅದನ್ನು ಮಾತ್ರ ನಾನು ಸಹಿಸಲಿಲ್ಲ.

ಮರಿ ಉಳಿಯಬೇಕು, ಆದರೆ ಆಕೆಯ ಅಂಗಡಿಯ ಕಾಳು ಬೇಡ. ಬಸ್ಸು ಹತ್ತಿ ಪಂಚವಟಿಯ ಪೇಟೆಗೆ ಹೋಗಿ ಬಟಾಣಿ, ಹೆಸರು, ಮಸೂರ ತಂದೆ. ಜೋಳಕ್ಕೆ ಬೆರೆಸಿ ದೊಡ್ಡವಕ್ಕೆ ಹಾಕಿದೆ. ಅವು ತಿಂದು ಮರಿಗೆ ಉಣಿಸಿದವು. ನಿಧಾನಕ್ಕೆ ಸಣ್ಣದು ತಲೆ ಎತ್ತಿತು, ಪುಕ್ಕ ಬಂತು, ಎದೆ ತುಂಬಿತು. ಬಾಗಿಲು ತೆರೆದರೂ ದೊಡ್ಡವು ಎತ್ತಲೂ ಹೋಗಲಿಲ್ಲ.

ಒಂದು ಸಂಜೆ ಎದುರಿನ ಪಾರಿವಾಳಗಳೇ ನನ್ನ ಮಾಳಿಗೆಗೆ ಇಳಿದವು. ಗಂಡ ಚಹಾದ ಕಪ್ಪು ಹಿಡಿದು ಈ ಕಡೆ ತಿರುಗಿ ಕೂತರು. ಎದುರಿಗೆ ಆಕೆ ಕಾಳಿನ ಬುಟ್ಟಿ ಹಿಡಿದು ಖಾಲಿ ಮಾಳಿಗೆಯಲ್ಲಿ ನಿಂತಿದ್ದಳು.

"ಅಕ್ಕಾರ, ನಮ್ಮವನ್ನ ಒಂದೀಟು ಈ ಕಡಿ ಹೊಡೀರಿ."

ಆ ಮುಖ ನನಗೆ ಗೊತ್ತಿತ್ತು. ಇಷ್ಟು ದಿನ ಅದು ನನ್ನದೇ ಆಗಿತ್ತು. "ಹೂನ್ರೀ," ಎಂದೆ, ಇನ್ನೊಂದು ಹಿಡಿ ಬಟಾಣಿ ಎರಚಿದೆ.