ಆಲೂಗಡ್ಡೆ ಲಾರಿ ಮತ್ತು ಸೆಲ್ಮರ್ ಬ್ರೆಕ್ಕೆಯ ಪದಕ

ಆರ್ಡಿಸ್ ಬ್ರೆಕ್ಕೆ ಚರ್ಚಿನ ನೆಲಮಾಳಿಗೆಯಲ್ಲಿ ನಿಂತು ನೂರಾ ಇಪ್ಪತ್ತು ಬನ್ನುಗಳಿಗೆ ಬೆಣ್ಣೆ ಸವರುತ್ತಿದ್ದರು. ಮೇಲೆ ಊರಿನ ಯಾರದೋ ಶವಸಂಸ್ಕಾರದ ಪ್ರಾರ್ಥನೆ ಕೊನೆಯ ಹಾಡಿಗೆ ಬಂದಿತ್ತು. ಜನ ಮೆಟ್ಟಿಲಿಳಿಯುವಷ್ಟರಲ್ಲಿ ಊಟ ಸಿದ್ಧವಾಗಬೇಕು. ಎದುರು ನಿಂತು ಹಂದಿಮಾಂಸದ ಹೋಳು ಜೋಡಿಸುತ್ತಿದ್ದ ಗೆಳತಿ ಲವೋನ್, ಕೈ ನಿಲ್ಲಿಸದೆ ಹೇಳಿದರು:

"ಆರ್ಡಿಸ್, ಸೆಲ್ಮರ್ ಆಲೂಗಡ್ಡೆ ಲಾರಿಯಿಂದ ಬಿದ್ದ ಕಥೆ ಹೇಳೇ. ಪಾದ್ರಿ ಹೆಂಡತಿ ಹೊಸಬಳು, ಕೇಳಿಲ್ಲ."

ಮಿನೆಸೋಟದ ಆ ಪುಟ್ಟ ಊರಿನಲ್ಲಿ ಆ ಕಥೆ ಕೇಳದವರು ಪಾದ್ರಿಯ ಹೆಂಡತಿಯೊಬ್ಬರೇ ಇರಬೇಕು. ಕೊರಿಯಾ ಯುದ್ಧಕ್ಕೆ ಹೋದ ಆರ್ಡಿಸ್ ಗಂಡ ಸೆಲ್ಮರ್ ಸೈನ್ಯದ ಅಡುಗೆಮನೆಗೆ ಆಲೂಗಡ್ಡೆ ತರಲು ಲಾರಿ ಹತ್ತಿದ್ದು, ತಿರುವಿನಲ್ಲಿ ಕೆಳಗುರುಳಿದ್ದು, ಅವರ ಕಾಲಿನ ಮೇಲೆ ಒಂದಾದ ಮೇಲೊಂದು ಮೂಟೆ ಬಿದ್ದದ್ದು, ಒಡೆದ ಆಲೂಗಡ್ಡೆಯನ್ನು ಇಡೀ ಪಡೆ ಮೂರು ದಿನ ಕಿವುಚಿ ತಿಂದದ್ದು. ಸೆಲ್ಮರ್ ಜೀವನವಿಡೀ ಕುಂಟಿದ್ದಕ್ಕೆ ಇದೇ ಕಾರಣವೆಂದು ಎಲ್ಲರಿಗೂ ಗೊತ್ತಿತ್ತು. ಮಾಜಿ ಸೈನಿಕರ ಸಂಘ ವರ್ಷಕ್ಕೊಮ್ಮೆ ಇಟ್ಟುಕೊಳ್ಳುತ್ತಿದ್ದ ಪ್ಯಾನ್‌ಕೇಕ್ ದೋಸೆಯ ತಿಂಡಿಯ ದಿನ ಎಲ್ಲರ ತಟ್ಟೆಗೂ ದೋಸೆ ಬೀಳುತ್ತಿತ್ತು, ಸೆಲ್ಮರ್ ತಟ್ಟೆಗೆ ಒಂದು ಹಸಿ ಆಲೂಗಡ್ಡೆ. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಅವರೇ. ಎಲ್ಲರಿಗಿಂತ ಚೆನ್ನಾಗಿ ಕಥೆ ಹೇಳುತ್ತಿದ್ದವರು ಆರ್ಡಿಸ್.

ಅವತ್ತು ಆರ್ಡಿಸ್ ಚಾಕು ಕೆಳಗಿಟ್ಟು, "ಆ ಕಥೆ ಇನ್ನು ಹೇಳಲ್ಲ ಕಣೇ. ಅದು ಸುಳ್ಳು," ಎಂದರು. ಲವೋನ್ ಕೈ ಈಗ ನಿಂತಿತು.

ಮೂರು ವಾರದ ಹಿಂದೆ, ಗಂಡ ತೀರಿಕೊಂಡ ಎಂಟು ತಿಂಗಳಿಗೆ, ಆರ್ಡಿಸ್, ಸೆಲ್ಮರ್ ಅವರ ಪೆಟ್ಟಿಗೆಯನ್ನು ಖಾಲಿ ಮಾಡಲು ಕೂತಿದ್ದರು. ಉಣ್ಣೆಯ ಕಾಲುಚೀಲದೊಳಗೆ ಒಂದು ಕಾಗದ ಸಿಕ್ಕಿತು. ಸೆಲ್ಮರ್ ಜೊತೆ ಸೈನ್ಯದಲ್ಲಿದ್ದ ಟಿಲ್ಮನ್ ಸ್ಟೆನ್ಸ್‌ರುಡ್ ಎಂಬವರು ಯುದ್ಧದಿಂದ ಬಂದ ಮರುವರ್ಷ ಬರೆದದ್ದು. ಕಾಗದದ ತುಂಬ ಹಸುಗಳ ಸಮಾಚಾರ, ನಡುವೆ ಒಂದು ಸಾಲು: ಕಾಲೊಳಗಿನ ಕಬ್ಬಿಣ ಚಳಿಗೆ ನೋಯುತ್ತಿದೆಯೇ, ಡಾಕ್ಟರು ಮೂರು ಚೂರು ತೆಗೆದರಲ್ಲ, ನಾಲ್ಕನೆಯದು ಇರಲಿ ಬಿಡು. ಆಲೂಗಡ್ಡೆಯಲ್ಲಿ ಕಬ್ಬಿಣದ ಅಂಶವಿರುತ್ತದೆ ಎಂದು ಆರ್ಡಿಸ್ ಶಾಲೆಯಲ್ಲಿ ಓದಿದ್ದರು. ಆದರೆ ಅದು ಡಾಕ್ಟರು ಚಿಮಟ ಹಾಕಿ ತೆಗೆಯುವಂಥದ್ದಲ್ಲ.

ಕಾಗದ ಹಿಡಿದು ಅವರು ನ್ಯಾಯಾಲಯದ ಕಟ್ಟಡದಲ್ಲಿದ್ದ ಮಾಜಿ ಸೈನಿಕರ ನೆರವಿನ ಕಚೇರಿಗೆ ಹೋದರು. ಅಲ್ಲಿನ ಅಧಿಕಾರಿ ಗೇಲ್ ಟಾಲೆಫ್ಸನ್, ಐವತ್ತು ದಾಟಿದ ಹೆಂಗಸು. ಆರ್ಡಿಸ್ ಇಪ್ಪತ್ತೊಂಬತ್ತು ವರ್ಷ ಶಾಲೆಯ ಬಸ್ಸು ಓಡಿಸಿದವರು. ಹಿಮದುಂಡೆ ಎಸೆದದ್ದಕ್ಕೆ ಇದೇ ಗೇಲ್‌ಳನ್ನು ಒಂದು ಇಡೀ ಚಳಿಗಾಲ ತಮ್ಮ ಹಿಂದಿನ ಸೀಟಿನಲ್ಲಿ ಕೂರಿಸಿದ್ದರು. ಆರ್ಡಿಸ್ ಬಾಗಿಲಲ್ಲಿ ಕಂಡರೆ ಗೇಲ್ ಈಗಲೂ ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ.

"ಅರವತ್ತೆರಡು ವರ್ಷ ಅವರನ್ನ ನೋಡಿ ನಕ್ಕಿದೀನಿ," ಎಂದರು ಆರ್ಡಿಸ್. "ಊರನ್ನೆಲ್ಲ ನಗಿಸಿದೀನಿ. ಸಮಾಧಿ ಕಲ್ಲಿನ ಮೇಲಾದ್ರೂ ನಿಜ ಇರ್ಲಿ."

ಕಲ್ಲು ಕೆತ್ತುವವನಿಗೆ ಅವರು ಆಗಲೇ ಫೋನು ಮಾಡಿ, ಕೊನೆಯ ಸಾಲು ಬಿಟ್ಟು ಉಳಿದದ್ದು ಕೆತ್ತು, ನಾನು ಹೇಳುವವರೆಗೆ ಕಲ್ಲು ನಿನ್ನ ಕೊಟ್ಟಿಗೆಯಲ್ಲೇ ಇರಲಿ ಎಂದಿದ್ದರು.

ಗೇಲ್ ಇದ್ದದ್ದನ್ನು ಇದ್ದಹಾಗೆ ಹೇಳಿದರು. ಸೆಲ್ಮರ್ ಅವರ ಸೇವಾ ಕಡತ, ಆ ಕಾಲದ ಲಕ್ಷಾಂತರ ಜನರ ಕಡತಗಳ ಜೊತೆಗೆ, ಎಪ್ಪತ್ಮೂರರಲ್ಲಿ ಸೈನ್ಯದ ದಾಖಲೆಗಳ ಕಟ್ಟಡಕ್ಕೆ ಬಿದ್ದ ಬೆಂಕಿಯಲ್ಲಿ ಸುಟ್ಟುಹೋಗಿದೆ. ಸೈನ್ಯದಿಂದ ಬಿಡುಗಡೆಯಾದ ಪತ್ರದಲ್ಲಿ ಗಾಯದ ಮಾತೇ ಇಲ್ಲ. ಯುದ್ಧದಲ್ಲಿ ಗಾಯಗೊಂಡವರಿಗೆ ಕೊಡುವ ಪರ್ಪಲ್ ಹಾರ್ಟ್ ಪದಕವನ್ನು ದಾಖಲೆಗೆ ಸೇರಿಸಬೇಕಾದರೆ ಸೈನ್ಯದ ದಾಖಲೆ ತಿದ್ದುಪಡಿ ಮಂಡಳಿಗೆ ಮೂರು ವಿಷಯ ತೋರಿಸಬೇಕು: ಗಾಯ ಶತ್ರುವಿನಿಂದಾದದ್ದು, ಡಾಕ್ಟರು ಚಿಕಿತ್ಸೆ ಕೊಟ್ಟದ್ದು, ಕಣ್ಣಾರೆ ಕಂಡವರೊಬ್ಬರು ಇರುವುದು. ದಿನಾಂಕ ಸಿಕ್ಕಿದರೆ ಅವರ ತುಕಡಿಯ ಅವತ್ತಿನ ಹಾಜರಿ ವರದಿಯನ್ನು ಹುಡುಕಿಸಬಹುದು. ಆ ವರದಿಗಳು ಸುಟ್ಟಿಲ್ಲ. ಟಿಲ್ಮನ್ ಸ್ಟೆನ್ಸ್‌ರುಡ್ ಮೂವತ್ತೆಂಟು ಮೈಲಿ ದೂರದ ವೃದ್ಧಾಶ್ರಮದಲ್ಲಿ ಇನ್ನೂ ಇದ್ದರು, ನೆನಪು ಚೆನ್ನಾಗಿತ್ತು. ಅರ್ಧ ಕೆಲಸ ಆದಂತೆಯೇ ಎಂದುಕೊಂಡು ಗೇಲ್ ಟಿಲ್ಮನ್‌ಗೆ ಪತ್ರ ಬರೆದರು.

ಉತ್ತರ ಐದು ದಿನಕ್ಕೆ ಬಂತು. "ಸೆಲ್ಮರನ ಕಾಲಿಗೆ ಸ್ವಲ್ಪ ತಾಗಿತ್ತು. ಅಂಥದ್ದೇನಲ್ಲ. ಬೇರೆಯವರಿಗೆ ಇನ್ನೂ ಜಾಸ್ತಿ ಆಗಿತ್ತು. ಆ ವರ್ಷ ಚಳಿ ಇತ್ತು. ಇಲ್ಲಿ ಊಟ ಪರವಾಗಿಲ್ಲ."

ಮಂಡಳಿಗೆ ಇದು ಸಾಲದು, ನಡೆದದ್ದನ್ನು ವಿವರವಾಗಿ ಬರೆಯಿರಿ ಎಂದು ಗೇಲ್ ಮತ್ತೆ ಕೇಳಿದರು. ಎರಡನೆಯ ಪತ್ರದಲ್ಲಿ ಒಂದು ವಾಕ್ಯ ಹೆಚ್ಚಿತ್ತು: "ಸ್ವಲ್ಪ ಅಂದೆನಲ್ಲ, ಅಷ್ಟೇನೂ ಸ್ವಲ್ಪವಲ್ಲ." ಆರ್ಡಿಸ್ ಅದನ್ನು ಓದಿ, ಇಷ್ಟು ಹೊಗಳಿದ್ದು ಹೆಚ್ಚಾಯಿತೇನೋ ಎಂದರು.

ಅವರು ತಮಾಷೆಗೆ ಹೇಳಿದ್ದಲ್ಲ. ನಾರ್ವೆಯಿಂದ ಬಂದವರ ಮೊಮ್ಮಕ್ಕಳು ತುಂಬಿದ ಆ ಸೀಮೆಯಲ್ಲಿ ಕೊಟ್ಟಿಗೆ ಸುಟ್ಟು ಬೂದಿಯಾದರೆ ರಾತ್ರಿ ಸ್ವಲ್ಪ ಬಿಸಿಯಾಯಿತು ಅನ್ನುತ್ತಾರೆ. ಕೈ ಯಂತ್ರಕ್ಕೆ ಸಿಕ್ಕಿದರೆ ಇನ್ನೊಂದು ಇದೆಯಲ್ಲ ಅನ್ನುತ್ತಾರೆ. ತನ್ನನ್ನು ಹೊಗಳಿಕೊಳ್ಳುವುದು ಅಲ್ಲಿ ಕಳ್ಳತನಕ್ಕಿಂತ ಒಂದೇ ಮೆಟ್ಟಿಲು ಕೆಳಗೆ. ಸ್ನೇಹಿತನನ್ನು ಹೊಗಳುವುದು ಅವನನ್ನು ಮುಜುಗರಕ್ಕೆ ಸಿಕ್ಕಿಸುವುದು, ಅವನು ಸತ್ತಿದ್ದರೂ ಸರಿಯೇ. ಇಂಥವರ ಬಾಯಲ್ಲಿ ಸಾಕ್ಷಿ ಹೇಳಿಸುವುದು ಹೇಗೆಂದು ಗೇಲ್‌ಗೆ ತಿಳಿಯಲಿಲ್ಲ. ನಾವೇ ಹೋಗೋಣ ಎಂದವರು ಆರ್ಡಿಸ್. ಕಾರು ಓಡಿಸಿದವರೂ ಅವರೇ, ಬಸ್ಸಿನ ಅಭ್ಯಾಸದಂತೆ ಪ್ರತಿ ರೈಲು ಹಳಿಯ ಮುಂದೆಯೂ ಪೂರ್ತಿ ನಿಲ್ಲಿಸಿ. ಹಿಂದಿನ ಸೀಟಿನಲ್ಲಿ ಒಂದು ಡಬ್ಬಿ ಲೆಫ್ಸೆ ಇತ್ತು: ಆಲೂಗಡ್ಡೆಯದೇ ತೆಳು ರೊಟ್ಟಿ, ಬೆಣ್ಣೆ ಸಕ್ಕರೆ ಸವರಿ ಸುರುಳಿ ಸುತ್ತಿದ್ದು.

ಟಿಲ್ಮನ್ ಗಾಲಿಕುರ್ಚಿಯಲ್ಲಿ ಕಿಟಕಿಯ ಪಕ್ಕ ಕೂತಿದ್ದರು. ಅರ್ಧ ಗಂಟೆ ಹವೆ, ಜೋಳದ ಬೆಳೆ, ಬಂದ ರಸ್ತೆಯ ವಿಚಾರ ನಡೆಯಿತು. ಕೊನೆಗೆ ಗೇಲ್ ಸೆಲ್ಮರ್ ಕಾಲಿನ ಮಾತೆತ್ತಿದರು. ಟಿಲ್ಮನ್ ಕಿಟಕಿಯ ಆಚೆ ನೋಡುತ್ತ ಅಂಥದ್ದೇನಲ್ಲ ಎಂದರು. ಮೂರು ರೀತಿಯಲ್ಲಿ ಕೇಳಿದರೂ ಅದೇ ಉತ್ತರ. ಗೇಲ್ ಪೆನ್ನಿನ ಮುಚ್ಚಳ ಹಾಕಿಬಿಟ್ಟರು.

ಇಪ್ಪತ್ತೊಂಬತ್ತು ವರ್ಷ ಬಸ್ಸಿನ ಕನ್ನಡಿಯಲ್ಲಿ ಮಕ್ಕಳನ್ನು ನೋಡಿದ್ದ ಆರ್ಡಿಸ್‌ಗೆ ಒಂದು ವಿಷಯ ಗೊತ್ತಿತ್ತು. ಏನಾಯಿತು ಎಂದು ಕೇಳಿದರೆ ಯಾವ ಮಗುವೂ ಬಾಯಿ ಬಿಡುವುದಿಲ್ಲ. ನಡೆದದ್ದನ್ನು ಇನ್ನೊಬ್ಬರು ತಪ್ಪಾಗಿ ಹೇಳಿದರೆ ಮಾತ್ರ ತಡೆದುಕೊಳ್ಳುವುದಿಲ್ಲ. ಅವರು ಲೆಫ್ಸೆಯ ಡಬ್ಬಿ ತೆರೆದು ಟಿಲ್ಮನ್ ಕೈಗೊಂದು ಸುರುಳಿ ಕೊಟ್ಟು, ಗೇಲ್ ಕಡೆ ತಿರುಗಿ, ಇನ್ನು ಹೇಳುವುದಿಲ್ಲ ಎಂದಿದ್ದ ಕಥೆಯನ್ನು ಶುರುಮಾಡಿದರು.

"ಸೆಲ್ಮರ್ ಅವತ್ತು ಆಲೂಗಡ್ಡೆ ತರಕ್ಕೆ ಅಂತ ಲಾರಿ ಹತ್ತಿದ್ರಂತೆ."

ಟಿಲ್ಮನ್ ಅಗಿಯುವುದನ್ನು ನಿಲ್ಲಿಸಿದರು. "ಲಾರಿ ಇರ್ಲಿಲ್ಲ."

"ಬೆಟ್ಟದ ತಿರುವಲ್ಲಿ ಲಾರಿ ವಾಲಿತಂತೆ."

"ಆ ಬೆಟ್ಟಕ್ಕೆ ಲಾರಿ ಹತ್ತೋ ದಾರೀನೇ ಇರ್ಲಿಲ್ಲ. ನಡ್ಕೊಂಡೇ ಹತ್ತಿದ್ದು ನಾವು."

"ಮೂಟೆ ಬಿತ್ತು, ಬಲಗಾಲಿನ ಮೇಲೆ."

"ಎಡಗಾಲು," ಎಂದರು ಟಿಲ್ಮನ್. ಅವರಿಗೆ ನಿಜವಾಗಿ ನೋವಾಗಿತ್ತು. "ಮೂಟೆ ಅಲ್ಲ, ಮಾರ್ಟರ್ ಗುಂಡು. ಏಪ್ರಿಲ್ ಇಪ್ಪತ್ನಾಲ್ಕು, ಐವತ್ತೊಂದನೇ ಇಸವಿ. ಬೆಳಿಗ್ಗೆ, ಇನ್ನೂ ಕಾಫಿ ಆಗಿರ್ಲಿಲ್ಲ."

ಗೇಲ್ ಸದ್ದಿಲ್ಲದೆ ಪೆನ್ನಿನ ಮುಚ್ಚಳ ತೆಗೆದರು. ಆರ್ಡಿಸ್ ಬಿಡದೆ ಮುಂದುವರಿದರು. ಸೆಲ್ಮರ್ ಅಲ್ಲೇ ಬಿದ್ದುಕೊಂಡು ಕೂಗಿದರಂತೆ ಎಂದರು. ಕೂಗಲಿಲ್ಲ ಎಂದರು ಟಿಲ್ಮನ್. ಗುಂಡು ಬೀಳುತ್ತಿದ್ದ ಕಡೆ ಎರಡು ಸಲ ಹೋಗಿ ಇಬ್ಬರನ್ನು ಎಳೆದುಕೊಂಡು ಬಂದ, ಎರಡನೆಯ ಸಲ ಬರುವಾಗ ತಗುಲಿದ್ದು. ಆಸ್ಪತ್ರೆಗೆ ಹೋಗಲೇ ಇಲ್ಲವಂತೆ ಎಂದರು ಆರ್ಡಿಸ್. ನಾನೇ ಬೆಲ್ಟು ಬಿಗಿದು ಹೊತ್ತುಕೊಂಡು ಹೋದೆ, ಡಾಕ್ಟರು ಚೂರುಗಳನ್ನು ತಟ್ಟೆಗೆ ಹಾಕಿದ ಸದ್ದು ಕೇಳಿದ್ದೇನೆ ಎಂದರು ಟಿಲ್ಮನ್.

"ಹಾಗಾದ್ರೆ ಆಲೂಗಡ್ಡೆ ಎಲ್ಲಿಂದ ಬಂತು?" ಎಂದರು ಆರ್ಡಿಸ್. ಟಿಲ್ಮನ್ ಅದನ್ನೂ ಹೇಳಿದರು.

ಪದಕಕ್ಕೆ ಹೆಸರು ಬರೆದುಕೊಳ್ಳಲು ಒಬ್ಬ ಗುಮಾಸ್ತ ಆಸ್ಪತ್ರೆಗೆ ಪಟ್ಟಿ ಹಿಡಿದು ಬಂದಿದ್ದ. ಸೆಲ್ಮರ್ ಪಕ್ಕದ ಮಂಚದಲ್ಲಿದ್ದ ಹುಡುಗನಿಗೆ ಎರಡು ಕಾಲೂ ಹೋಗಿತ್ತು. ಗುಮಾಸ್ತ ಸೆಲ್ಮರ್‌ನನ್ನು ಗಾಯ ಹೇಗಾಯಿತು ಎಂದು ಕೇಳಿದ. ಸೆಲ್ಮರ್ ಪಕ್ಕದ ಮಂಚದ ಕಡೆ ನೋಡಿ, ಆಲೂಗಡ್ಡೆ ಲಾರಿಯಿಂದ ಬಿದ್ದೆ, ಮುಂದಕ್ಕೆ ಹೋಗಪ್ಪ ಎಂದ. ಗುಮಾಸ್ತ ಮುಂದಕ್ಕೆ ಹೋದ.

"ಒಂದ್ಸಲ ಹೇಳಿದ್ನಲ್ಲ," ಎಂದರು ಟಿಲ್ಮನ್. "ಆಮೇಲೆ ಬದಲಾಯಿಸೋನಲ್ಲ ಅವನು."

ಆರ್ಡಿಸ್ ಡಬ್ಬಿಯ ಮುಚ್ಚಳವನ್ನು ಮುಚ್ಚಿದರು, ಮತ್ತೆ ತೆರೆದರು. "ನನಗೂ ಅದನ್ನೇ ಹೇಳಿದ್ರು. ಮದುವೆಗೆ ಮುಂಚೆ, ಮೊದಲನೇ ಸಲ ಕಾಫಿ ಕುಡಿಯಕ್ಕೆ ಹೋದಾಗ."

"ನೀವು ನಕ್ಕಿರಾ?"

"ಕಾಫಿ ಚೆಲ್ಲೋ ಹಾಗೆ ನಕ್ಕೆ."

"ಅದಕ್ಕೇ ನಿಮ್ಮನ್ನ ಮದುವೆ ಆಗಿರ್ಬೇಕು," ಎಂದರು ಟಿಲ್ಮನ್. "ಗುಮಾಸ್ತ ಒಂಚೂರೂ ನಕ್ಕಿರ್ಲಿಲ್ಲ."

ಗೇಲ್ ಹೇಳಿಕೆಯನ್ನು ವೃದ್ಧಾಶ್ರಮದ ಕಚೇರಿಯಲ್ಲೇ ಬೆರಳಚ್ಚು ಮಾಡಿ ತಂದರು. ಟಿಲ್ಮನ್ ಎರಡು ಪುಟವನ್ನೂ ಬೆರಳಿಟ್ಟು ಓದಿ, 'ಧೈರ್ಯದಿಂದ' ಎಂಬ ಪದವನ್ನು ಹೊಡೆದುಹಾಕಿದರು. ಧೈರ್ಯ ತಮಗೆ ಕಂಡಿಲ್ಲವೆಂದೂ ಎಳೆದು ತಂದದ್ದು ಕಂಡಿದೆಯೆಂದೂ ಹೇಳಿ ಸಹಿ ಹಾಕಿದರು. ದಿನಾಂಕ ಸಿಕ್ಕಿದ್ದರಿಂದ ತುಕಡಿಯ ಹಾಜರಿ ವರದಿಯೂ ಆರು ವಾರದಲ್ಲಿ ಸಿಕ್ಕಿತು. ಏಪ್ರಿಲ್ ಇಪ್ಪತ್ತನಾಲ್ಕರ ಹಾಳೆಯಲ್ಲಿ ಹನ್ನೊಂದು ಹೆಸರಿತ್ತು. ಏಳನೆಯದು ಬ್ರೆಕ್ಕೆ, ಶತ್ರುವಿನಿಂದ ಗಾಯ, ಆಸ್ಪತ್ರೆಗೆ. ಎಲ್ಲವನ್ನೂ ಸೇರಿಸಿ ಅರ್ಜಿ ಹೋಯಿತು.

ತೀರ್ಪು ಬರಲು ಹದಿನಾಲ್ಕು ತಿಂಗಳು ಹಿಡಿಯಿತು. ಲಕೋಟೆಯನ್ನು ಆರ್ಡಿಸ್ ಒಡೆಯದೆ ಗೇಲ್ ಮೇಜಿನ ಮೇಲೆ ತಂದಿಟ್ಟರು. ಪರ್ಪಲ್ ಹಾರ್ಟ್ ಮಂಜೂರಾಗಿತ್ತು. ಕಾಗದಪತ್ರ ನೋಡುವಾಗ ಮಂಡಳಿಗೆ, ಸೆಲ್ಮರ್‌ಗೆ ಸಲ್ಲಬೇಕಾಗಿದ್ದು ದಾಖಲಾಗದ ಇನ್ನೂ ಮೂರು ಪದಕಗಳು ಕಂಡವು, ಅವನ್ನೂ ಸೇರಿಸಿದ್ದರು.

ಆರ್ಡಿಸ್ ಪಟ್ಟಿಯನ್ನು ಎರಡು ಸಲ ಓದಿದರು. ಮೊದಲು ಕನ್ನಡಕ ಒರೆಸಿಕೊಂಡರು, ಆಮೇಲೆ ಕಣ್ಣು.

"ನಾನು ಕೇಳಿದ್ದು ಒಂದೇ," ಎಂದರು. "ಉಳಿದದ್ದು ವಾಪಸ್ ಕಳಿಸಕ್ಕಾಗುತ್ತಾ? ಜನ ಏನಂದ್ಕೋತಾರೆ?"

ವಾಪಸ್ ಕಳಿಸುವುದಕ್ಕೆ ಅರ್ಜಿ ನಮೂನೆಯೇ ಇಲ್ಲವೆಂದು ಗೇಲ್ ಹೇಳಿದರು.

ಉಳಿದ ಮೂರರ ಸುದ್ದಿಯನ್ನು ಆರ್ಡಿಸ್ ಲವೋನ್ ಒಬ್ಬರಿಗೆ, ಯಾರಿಗೂ ಹೇಳಬೇಡ ಎಂದು ಹೇಳಿದ್ದರಿಂದ, ಸಂಜೆಯೊಳಗೆ ಊರಿಗೆಲ್ಲ ತಿಳಿಯಿತು. ಕಲ್ಲು ಕೆತ್ತುವವನು ಬಿಟ್ಟಿದ್ದ ಜಾಗದಲ್ಲಿ ಒಂದು ಸಾಲು ಮಾತ್ರ ಹಿಡಿಯುತ್ತದೆ. ಕಳೆದ ವಾರ ಅವನು ಅಲ್ಲಿ ಪರ್ಪಲ್ ಹಾರ್ಟ್ ಎಂದು ಕೆತ್ತಿದ. ಮೇ ಹತ್ತೊಂಬತ್ತರ ಬೆಳಿಗ್ಗೆ ಹತ್ತಕ್ಕೆ ಕಲ್ಲು ನಿಲ್ಲಿಸುತ್ತಾರೆ. ಟಿಲ್ಮನ್ ಅವತ್ತಿಗೆ ವೃದ್ಧಾಶ್ರಮದ ವ್ಯಾನಿನಲ್ಲಿ ಬರಲು ಹೆಸರು ಬರೆಸಿದ್ದಾರೆ.